ನೆಡುವ ಮೊದಲು ಇರುವ ಗಿಡಗಳನ್ನು ನೋಡೋಣ

ಜೂನ್ 5 ಹತ್ತಿರ ಬಂದರೆ ನಮ್ಮ ಕಾಲೇಜಿನ ಸಸ್ಯಶಾಸ್ತ್ರ ಸಂಘಕ್ಕೆ ಜೀವ ಬರುತ್ತದೆ. ಅರಣ್ಯ ಇಲಾಖೆಯ ನರ್ಸರಿಯಿಂದ ಕಪ್ಪು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಸಸಿಗಳು ಬರುತ್ತವೆ. ಹಿಂದಿನ ದಿನವೇ ಗುಂಡಿ ತೋಡಿ ಇಟ್ಟಿರುತ್ತಾರೆ. ಅತಿಥಿಗಳು ಮಣ್ಣು ಹಾಕುತ್ತಾರೆ, ಒಬ್ಬರು ನೀರು ಹೊಯ್ಯುತ್ತಾರೆ, ಹತ್ತು ಜನ ಹಿಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಜುಲೈ ಮೊದಲ ವಾರ ವನಮಹೋತ್ಸವಕ್ಕೆ ಇದೇ ಇನ್ನೊಮ್ಮೆ ನಡೆಯುತ್ತದೆ. ಆಮೇಲೆ ಸಂಘದ ಬ್ಯಾನರನ್ನು ಸುತ್ತಿ ಜೀವಶಾಸ್ತ್ರ ಲ್ಯಾಬಿನ ಕಪಾಟಿನ ಮೇಲೆ ಇಟ್ಟರೆ, ಅದು ಕೆಳಗೆ ಇಳಿಯುವುದು ಮುಂದಿನ ಜೂನ್‌ನಲ್ಲಿ.

ಈ ದಿನಾಚರಣೆಗಳನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ವನಮಹೋತ್ಸವವನ್ನು 1950ರಲ್ಲಿ ಆಗಿನ ಕೇಂದ್ರ ಆಹಾರ ಮತ್ತು ಕೃಷಿ ಸಚಿವ ಕೆ.ಎಂ. ಮುನ್ಶಿ ಅವರು ದೇಶದ ಕಾರ್ಯಕ್ರಮವಾಗಿ ಆರಂಭಿಸಿದರು. ವಿಶ್ವ ಪರಿಸರ ದಿನ 1973ರಿಂದ ನಡೆದು ಬಂದಿದೆ. ಎರಡರ ಹಿಂದೆಯೂ ಒಳ್ಳೆಯ ಮನಸ್ಸಿದೆ. ಆದರೆ ನೆಟ್ಟ ಸಸಿಗಳ ಸಂಖ್ಯೆ ಪ್ರತಿ ವರ್ಷ ವಾರ್ಷಿಕ ವರದಿಯಲ್ಲಿ ಬರುತ್ತದೆ, ಉಳಿದ ಸಸಿಗಳ ಸಂಖ್ಯೆ ಮಾತ್ರ ಎಲ್ಲಿಯೂ ಬರುವುದಿಲ್ಲ. ಯಾವ ಸಸಿ, ಯಾಕೆ ಅದೇ ಸಸಿ, ಅದನ್ನು ನೆಟ್ಟ ಜಾಗದಲ್ಲಿ ಮೊದಲು ಏನಿತ್ತು ಎಂದು ಯಾರೂ ಕೇಳುವುದಿಲ್ಲ. ಸಸ್ಯಶಾಸ್ತ್ರ ಸಂಘದ ಮೊದಲ ಕೆಲಸ ನೆಡುವುದಲ್ಲ, ನೋಡುವುದು. ಇದು ನನ್ನ ಅಭಿಪ್ರಾಯ. ಯಾಕೆ ಎಂದು ಹೇಳುತ್ತೇನೆ.

ಹಿಂದಿನ ಪದವಿನಲ್ಲಿ ಏನಿದೆ?

ನಮ್ಮ ಕಾಲೇಜು ನಿಂತಿರುವುದು ಪದವಿನ ಮೇಲೆ. ದಕ್ಷಿಣ ಕನ್ನಡದಲ್ಲಿ ಮುರಕಲ್ಲಿನ ಎತ್ತರದ ಸಮತಟ್ಟು ನೆಲಕ್ಕೆ ಪದವು ಎನ್ನುತ್ತಾರೆ. ಎಷ್ಟೋ ಊರುಗಳ ಹೆಸರಿನಲ್ಲೇ ಆ ಮಾತು ಉಳಿದಿದೆ. ಹಾಸ್ಟೆಲಿನ ಹಿಂದೆ ಕ್ರಿಕೆಟ್ ಆಡುವ ಜಾಗ ದಾಟಿದರೆ ಸಿಗುವ ನೆಲವನ್ನು ಏಪ್ರಿಲ್‌ನಲ್ಲಿ ನೋಡಿದವರು ‘ಏನೂ ಬೆಳೆಯದ ಬರಡು’ ಎಂದೇ ಹೇಳುತ್ತಾರೆ. ಕಪ್ಪಾದ ಕಲ್ಲು, ಒಣಗಿದ ಹುಲ್ಲು, ಒಂದಿಷ್ಟು ಕಸ, ಅಷ್ಟೇ ಕಾಣುತ್ತದೆ. ಅದೇ ನೆಲಕ್ಕೆ ಆಗಸ್ಟ್ ಕೊನೆಯಲ್ಲಿ ಹೋಗಿ ನೋಡಬೇಕು. ಕಲ್ಲಿನ ತಗ್ಗುಗಳಲ್ಲಿ ಬೆರಳುದ್ದ ನೀರು ನಿಂತಿರುತ್ತದೆ. ಅದರ ಅಂಚಿನಲ್ಲಿ ಹುಲ್ಲಿನ ನಡುವೆ ನೀಲಿ-ನೇರಳೆ ಬಣ್ಣದ ಚಿಕ್ಕ ಚಿಕ್ಕ ಹೂಗಳು ಹರಡಿಕೊಂಡಿರುತ್ತವೆ. ಪಕ್ಕದಲ್ಲೇ ಬಿಳಿ ಗುಂಡಿಯಂತಹ ತಲೆಯ ಎರಿಯೊಕಾಲಾನ್ ಗಿಡಗಳು. ಬಗ್ಗಿ ನೋಡಿದರೆ ಕೆಂಪು ಕೂದಲಿನ ತುದಿಯಲ್ಲಿ ಅಂಟು ಹನಿ ಹೊತ್ತ ಡ್ರೊಸೆರಾ.

ಆ ನೇರಳೆ ಹೂವಿನ ಗಿಡ ಯುಟ್ರಿಕ್ಯುಲೇರಿಯಾ. ನಮ್ಮ ಪ್ರಥಮ ಪಿಯುಸಿ ಜೀವಶಾಸ್ತ್ರ ಪುಸ್ತಕದ ಎರಡನೇ ಅಧ್ಯಾಯದಲ್ಲಿ ಕೀಟಾಹಾರಿ ಸಸ್ಯಕ್ಕೆ ಉದಾಹರಣೆಯಾಗಿ ಬರುವ ಬ್ಲಾಡರ್‌ವರ್ಟ್ ಎಂದರೆ ಇದೇ. ಮುರಕಲ್ಲಿನ ತೆಳು ಮಣ್ಣಿನಲ್ಲಿ ನೈಟ್ರೋಜನ್ ಬಹಳ ಕಡಿಮೆ. ಸಾಲದ್ದನ್ನು ಈ ಗಿಡಗಳು ಹುಳಗಳಿಂದ ಪಡೆಯುತ್ತವೆ. ಯುಟ್ರಿಕ್ಯುಲೇರಿಯಾದ ಹೂವು ಮೇಲೆ ಕಾಣುತ್ತದೆ, ಅದರ ಬೇಟೆ ನಡೆಯುವುದು ಕೆಳಗೆ ಒದ್ದೆ ಮಣ್ಣಿನಲ್ಲಿ. ಅಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿರುತ್ತವೆ. ಚೀಲದ ಬಾಯಿಗೆ ಒಂದು ಸೂಕ್ಷ್ಮಜೀವಿ ತಾಗಿದರೆ ಸಾಕು, ಬಾಗಿಲು ತೆರೆದು ನೀರಿನ ಜೊತೆ ಅದನ್ನೂ ಒಳಗೆಳೆದುಕೊಂಡು ಮುಚ್ಚುತ್ತದೆ. ಒಳಗೆಳೆಯಲು ಬೇಕಾಗುವ ಸಮಯ ಒಂದು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಡ್ರೊಸೆರಾದ್ದು ನಿಧಾನದ ಕೆಲಸ. ಅಂಟಿಗೆ ಸಿಕ್ಕಿದ ನೊಣದ ಸುತ್ತ ಕೂದಲುಗಳು ಬಾಗಿ ಬಂದು ಹಿಡಿದುಕೊಳ್ಳುತ್ತವೆ, ಆಮೇಲೆ ಜೀರ್ಣರಸ ಸುರಿಯುತ್ತದೆ.

‘ಬ್ಲಾಡರ್‌ವರ್ಟ್’ ಎಂದು ಉತ್ತರ ಬರೆದು ಅಂಕ ಪಡೆದವರು ಈ ಕಾಲೇಜಿನಲ್ಲಿ ನೂರಾರು ಮಂದಿ ಇರಬಹುದು. ಕಳೆದುಹೋದ ಚೆಂಡು ಹುಡುಕುವಾಗ ಅದೇ ಗಿಡವನ್ನು ಮೆಟ್ಟಿಕೊಂಡು ಓಡಾಡುತ್ತೇವೆ ಎಂದು ಗೊತ್ತಿರುವವರು ಎಷ್ಟು? ಪುಸ್ತಕಕ್ಕೂ ಹಿತ್ತಲಿಗೂ ನಡುವೆ ಇರುವ ಈ ಅಂತರವನ್ನು ಕಡಿಮೆ ಮಾಡುವುದೇ ಸಂಘದ ಕೆಲಸ.

ನಮ್ಮ ನೆರೆಯವರು ಇಂಥ ನೆಲವನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಯುಟ್ರಿಕ್ಯುಲೇರಿಯಾದ ಈ ಹೂವಿಗೆ ಕೇರಳದಲ್ಲಿ ಕಾಕ್ಕಪ್ಪೂವು ಎಂದು ಹೆಸರು. ಓಣಂ ಹೂರಂಗೋಲಿಗೆ ಅದನ್ನು ಬಳಸುತ್ತಾರೆ. ಕಣ್ಣೂರು ಜಿಲ್ಲೆಯ ಮಾಡಾಯಿಪ್ಪಾರ ಎಂಬ ಮುರಕಲ್ಲಿನ ಗುಡ್ಡ ಮಳೆಗಾಲದಲ್ಲಿ ನೀಲಿಯಾಗುವುದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಮಹಾರಾಷ್ಟ್ರದ ಸಾತಾರಾ ಬಳಿಯ ಕಾಸ್ ಪಠಾರವೂ ಇಂಥದೇ ಕಲ್ಲುನೆಲ. ಪಶ್ಚಿಮ ಘಟ್ಟದ ಭಾಗವಾಗಿ ಅದು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಹೂವಿನ ಕಾಲದಲ್ಲಿ ಟಿಕೆಟ್ ತೆಗೆದುಕೊಂಡು ಸರದಿಯಲ್ಲಿ ನಿಲ್ಲಬೇಕು. ನಮ್ಮಲ್ಲಿ ಪದವು ಎಂದರೆ ಕಲ್ಲು ಕಡಿಯಲು, ಮಣ್ಣು ತೆಗೆಯಲು, ಕಟ್ಟಡ ಕಟ್ಟಲು ‘ಖಾಲಿ’ ಇರುವ ಜಾಗ.

ಹೆಸರು ಗೊತ್ತಿದ್ದರೆ ಏನು ಲಾಭ?

‘ಹೆಸರು ತಿಳಿದು ಏನಾಗಬೇಕು? ಗಿಡ ಗಿಡವೇ’ ಎಂದು ಒಬ್ಬ ಸಹಪಾಠಿ ಕೇಳಿದ್ದುಂಟು. ಮದರಂಗಿಯ ಉದಾಹರಣೆ ನೋಡಿ. ಹಬ್ಬಕ್ಕೆ, ಮದುವೆಗೆ ಕೈಗೆ ಹಚ್ಚುವ ಈ ಸೊಪ್ಪು ಎಲ್ಲರ ಮನೆಯದ್ದು. ಉರ್ದುವಿನಲ್ಲಿ ಮೆಹಂದಿ, ಮಲಯಾಳಂನಲ್ಲಿ ಮೈಲಾಂಚಿ, ಅರಬಿಯಲ್ಲಿ ಹಿನ್ನಾ. ಹಳೆ ಮೈಸೂರು ಕಡೆಯವರು ಗೋರಂಟಿ ಎನ್ನುತ್ತಾರೆ. ಆದರೆ ಗೋರಂಟಿ ಅಥವಾ ಗೋರಂಟೆ ಎಂದರೆ ಬೇಲಿಯಲ್ಲಿ ಹೂ ಬಿಡುವ ಬಾರ್ಲೇರಿಯಾ ಎಂಬ ಬೇರೆಯೇ ಗಿಡ ಎಂದು ತಿಳಿದವರೂ ಇದ್ದಾರೆ. ಒಂದೇ ಗಿಡಕ್ಕೆ ಐದು ಹೆಸರು, ಒಂದೇ ಹೆಸರಿಗೆ ಎರಡು ಗಿಡ. ಲಾಸೋನಿಯಾ ಇನರ್ಮಿಸ್ ಎಂದರೆ ಮಾತ್ರ ಲೋಕದಲ್ಲೆಲ್ಲ ಮದರಂಗಿ ಒಂದೇ. ದ್ವಿನಾಮ ಪದ್ಧತಿ ಯಾಕೆ ಬೇಕಾಯಿತು ಎಂಬ ಪ್ರಶ್ನೆಗೆ ಇದಕ್ಕಿಂತ ಸರಳ ಉತ್ತರ ಇನ್ನೇನಿದೆ?

ಹೆಸರು ತಪ್ಪಿದರೆ ಅಪಾಯವೂ ಇದೆ. ಆಟಿ ಅಮಾವಾಸ್ಯೆಗೆ ತುಳುನಾಡಿನಲ್ಲಿ ಪಾಲೆ ಮರದ, ಅಂದರೆ ಹಾಲೆ ಮರದ, ತೊಗಟೆಯ ಕಷಾಯ ಕುಡಿಯುವ ರೂಢಿ ಇದೆ. ಮರ ಗುರುತಿಸಲು ಬಾರದವರು ಕತ್ತಲಲ್ಲಿ ಬೇರೆ ಮರದ ತೊಗಟೆ ತಂದರೆ? ಕಾಸರಕದ ಮರ ನಮ್ಮ ಗುಡ್ಡಗಳಲ್ಲೇ ಇದೆ, ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ತಜಂಕು, ತಿಮರೆ, ಕೆಸುವಿನ ಎಲೆ ಎಂದು ಮಳೆಗಾಲದ ಸೊಪ್ಪುಗಳನ್ನು ಗುರುತು ಹಿಡಿದು ಕೊಯ್ದು ತರುತ್ತಿದ್ದದ್ದು ನಮ್ಮ ಅಜ್ಜಿಯರು. ಅವರ ಜ್ಞಾನಕ್ಕೆ ಸರ್ಟಿಫಿಕೇಟ್ ಇರಲಿಲ್ಲ. ಅದನ್ನು ಬರೆದಿಟ್ಟುಕೊಳ್ಳದಿದ್ದರೆ ಅವರ ಜೊತೆಗೇ ಅದು ಹೋಗುತ್ತದೆ.

ಹೀಗೆ ಬರೆದಿಟ್ಟುಕೊಂಡವರ ದೊಡ್ಡ ಸಾಲೇ ಇದೆ. ಡಚ್ಚರ ಗವರ್ನರ್ ವಾನ್ ರೀಡ್ ಮಲಬಾರಿನ ಸಸ್ಯಗಳ ಬಗ್ಗೆ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರಲ್ಲಿರುವ ತಿಳಿವಳಿಕೆ ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ವೈದ್ಯರು ಮತ್ತು ಮೂವರು ಕೊಂಕಣಿ ವೈದ್ಯರು. ಅದರ ಚಿತ್ರಗಳಲ್ಲಿ ಗಿಡದ ಹೆಸರು ಅರಬಿ ಲಿಪಿಯಲ್ಲೂ ಇದೆ. ಬೆಂಗಳೂರಿನ ಲಾಲ್‌ಬಾಗ್ ಹೈದರಾಲಿ 1760ರಲ್ಲಿ ಆರಂಭಿಸಿ ಟಿಪ್ಪು ಸುಲ್ತಾನ್ ಬೆಳೆಸಿದ ತೋಟ. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಡಾ. ಕೆ. ಗೋಪಾಲಕೃಷ್ಣ ಭಟ್ ಅವರು ಸುತ್ತಮುತ್ತಲಿನ ಗಿಡಗಳನ್ನು ಹುಡುಕಿ ನೋಡಿ 2003ರಲ್ಲಿ ‘ಫ್ಲೋರಾ ಆಫ್ ಉಡುಪಿ’ ಎಂಬ ಗ್ರಂಥ ತಂದರು. ಇದು ದೊಡ್ಡ ಸಂಶೋಧನಾ ಸಂಸ್ಥೆಯಿಂದ ಬಂದ ಪುಸ್ತಕವಲ್ಲ, ನಮ್ಮಂಥದೇ ಒಂದು ಕಾಲೇಜಿನ ಮೇಷ್ಟರ ಕೆಲಸ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನಮ್ಮ ಗ್ರಂಥಾಲಯದಲ್ಲೇ ಇದೆ. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಸಸ್ಯಶಾಸ್ತ್ರ ಮೇಷ್ಟರ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದಿ ನಗದವರು ಕಡಿಮೆ. ಹೆದರಿಕೆಯಿಲ್ಲದೆ ಸಸ್ಯಶಾಸ್ತ್ರದ ಒಳಗೆ ಹೋಗಲು ಅದು ಒಳ್ಳೆಯ ಬಾಗಿಲು.

ಭಾನುವಾರ ನಡೆಯುವವರು

ನಮ್ಮ ಊರಿನಲ್ಲಿ ಪ್ರಕೃತಿ ಪ್ರಿಯರ ಒಂದು ಗುಂಪಿದೆ. ಅದಕ್ಕೆ ಕಚೇರಿಯಿಲ್ಲ, ಅಧ್ಯಕ್ಷರಿಲ್ಲ. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಆರೂವರೆಗೆ ಬಸ್ ಸ್ಟ್ಯಾಂಡಿನ ಬಳಿ ಸೇರಿ ಒಂದು ದಾರಿ ಹಿಡಿದು ಎರಡು ಗಂಟೆ ನಡೆಯುತ್ತಾರೆ. ನಿವೃತ್ತ ಬ್ಯಾಂಕ್ ಉದ್ಯೋಗಿ, ಆಯುರ್ವೇದ ವೈದ್ಯೆ, ರಿಕ್ಷಾ ಓಡಿಸುವವರು, ಇಬ್ಬರು ಶಿಕ್ಷಕಿಯರು ಹೀಗೆ ಎಲ್ಲ ಬಗೆಯವರೂ ಅಲ್ಲಿದ್ದಾರೆ. ಅವರೊಂದಿಗೆ ನಾನು ನಾಲ್ಕು ಬಾರಿ ಹೋಗಿದ್ದೇನೆ. ಅವರಲ್ಲಿ ಇರುವ ಸಾಧನ ಎಂದರೆ ಒಂದು ಭೂತಗನ್ನಡಿ, ಒಂದು ನೋಟ್ ಪುಸ್ತಕ, ಫೋನ್ ಕ್ಯಾಮೆರಾ. ನಿಯಮ ಒಂದೇ: ಗುರುತು ಹಿಡಿಯಲು ಎಂದು ಇಡೀ ಗಿಡ ಕೀಳಬಾರದು. ಗುರುತು ಸಿಗದಿದ್ದರೆ ‘ಗೊತ್ತಿಲ್ಲ’ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಮುಂದಿನ ತಿಂಗಳು ಆ ಗಿಡದಲ್ಲಿ ಕಾಯಿ ಬಂದಾಗ ಮತ್ತೆ ನೋಡುತ್ತಾರೆ.

ಆ ಗುಂಪಿನಲ್ಲಿ ನಾನು ಕಂಡ ದೊಡ್ಡ ವಿಷಯ ತಾಳ್ಮೆ. ರಸ್ತೆಬದಿಯ ಅರ್ಧ ಕಿಲೋಮೀಟರಿಗೆ ಒಂದು ಗಂಟೆ ಬೇಕಾಗುತ್ತದೆ. ಒಮ್ಮೆ ಹಳೆಯ ಕಬರ್‌ಸ್ತಾನದ ಗೋಡೆಯ ಪಕ್ಕ ನಡೆದೆವು. ಹೊರಗೆ ರಸ್ತೆ ಅಗಲ ಮಾಡುವಾಗ ಮರಗಳೆಲ್ಲ ಹೋಗಿವೆ, ಒಳಗೆ ಮಾತ್ರ ದೊಡ್ಡ ಹಲಸು, ದೇವಕಣಗಿಲೆ, ಮದರಂಗಿ ಪೊದೆಗಳು ಹಾಗೆಯೇ ಇವೆ. ಕಬರಿನ ಬಳಿ ಮದರಂಗಿ ನೆಡುವ ರೂಢಿ ಕರಾವಳಿಯ ಕೆಲವು ಕಡೆ ಇದೆ. ಅಲ್ಲಿ ಕತ್ತಿ ಆಡಿಸಲು ಜನ ಹಿಂಜರಿಯುತ್ತಾರೆ. ನಾಗಬನಗಳಲ್ಲಿಯೂ ಹೀಗೆಯೇ. ದ್ವಿತೀಯ ಪಿಯುಸಿಯ ಜೀವವೈವಿಧ್ಯ ಪಾಠದಲ್ಲಿ ಪವಿತ್ರ ವನಗಳ ಪಟ್ಟಿ ಬರುತ್ತದೆ, ಕರ್ನಾಟಕದ ಪಶ್ಚಿಮ ಘಟ್ಟದ ಹೆಸರೂ ಅದರಲ್ಲಿದೆ. ಬನವನ್ನೂ ಕಬರ್‌ಸ್ತಾನವನ್ನೂ ಒಂದೇ ಬೆಳಿಗ್ಗೆ ಸುತ್ತಿ ಬಂದರೆ ಆ ಪಾಠವನ್ನು ಉರು ಹೊಡೆಯಬೇಕಾಗಿಲ್ಲ. ಬೇರೆ ಬೇರೆ ಸಮುದಾಯದವರು ಒಂದೇ ಮರದ ಕೆಳಗೆ ನಿಂತು ಅದರ ಹೆಸರನ್ನು ತಮ್ಮ ತಮ್ಮ ಭಾಷೆಯಲ್ಲಿ ಹೇಳಿಕೊಳ್ಳುವ ಜಾಗಗಳು ನಮ್ಮ ಜಿಲ್ಲೆಯಲ್ಲಿ ಇನ್ನಷ್ಟು ಬೇಕು.

ನೀಟ್ ಇದೆ, ಸಮಯ ಎಲ್ಲಿದೆ?

ಈ ಪ್ರಶ್ನೆ ನ್ಯಾಯವಾದದ್ದು. ಬೆಳಿಗ್ಗೆ ತರಗತಿ, ಸಂಜೆ ಕೋಚಿಂಗ್, ರಾತ್ರಿ ಎಂಸಿಕ್ಯೂ. ಸಂಘದ ಚಟುವಟಿಕೆಗೆ ಅಂಕ ಇಲ್ಲ. ಆದರೆ ಕುಟುಂಬದ ಲಕ್ಷಣಗಳು, ಹೂವಿನ ಸೂತ್ರ, ಎಲೆಯ ಜೋಡಣೆ ಇವೆಲ್ಲ ಪಠ್ಯದಲ್ಲಿರುವುದೇ. ದಾಸವಾಳವನ್ನು ಕೈಯಲ್ಲಿ ಸೀಳಿ ಕೇಸರನಾಳ ನೋಡಿದವರಿಗೆ ಅದು ಮರೆಯುವುದಿಲ್ಲ. ತಿಂಗಳಿಗೆ ಎರಡು ಗಂಟೆ ಎಂದರೆ ಒಂದು ಕ್ರಿಕೆಟ್ ಪಂದ್ಯದ ಅರ್ಧ. ಇನ್ನೊಂದು ಮಾತಿದೆ. ಪಠ್ಯ ಹಗುರ ಮಾಡುವಾಗ ಎನ್‌ಸಿಇಆರ್‌ಟಿ ಪುಸ್ತಕದಿಂದ ಹರ್ಬೇರಿಯಂ, ಸಸ್ಯೋದ್ಯಾನ, ಗುರುತಿಸುವ ಕೀಲಿ ಇವುಗಳಿದ್ದ ಭಾಗವನ್ನು ತೆಗೆದಿದ್ದಾರೆ. ‘ಪರಿಸರ ಸಮಸ್ಯೆಗಳು’ ಎಂಬ ಅಧ್ಯಾಯವೂ ಹೋಗಿದೆ. ಪುಸ್ತಕ ಬಿಟ್ಟದ್ದನ್ನು ಸಂಘ ಹಿಡಿದುಕೊಳ್ಳದಿದ್ದರೆ ಇನ್ನಾರು ಹಿಡಿಯಬೇಕು?

ಹುಡುಗಿಯರನ್ನು ಮನೆಯವರು ಕಳುಹಿಸುವುದಿಲ್ಲ ಎಂಬುದು ಇನ್ನೊಂದು ಅಡ್ಡಿ. ಸಂಘದ ಸದಸ್ಯರಲ್ಲಿ ಹೆಚ್ಚಿನವರು ಹುಡುಗಿಯರೇ, ಹೊರಗಿನ ನಡಿಗೆಗೆ ಬರುವವರು ಮಾತ್ರ ಹುಡುಗರು ಎಂಬ ಸ್ಥಿತಿ ಸರಿಯಲ್ಲ. ಇದಕ್ಕೆ ದಾರಿ ಇದೆ. ಮೇಡಂ ಒಬ್ಬರು ಜೊತೆಗಿರಲಿ, ಹೊರಡುವ ಮತ್ತು ತಿರುಗಿ ಬರುವ ಸಮಯ ಮನೆಗೆ ಬರಹದಲ್ಲಿ ಹೋಗಲಿ, ಬಯಸಿದ ತಾಯಂದಿರೂ ಬರಲಿ. ಸೊಪ್ಪು ಗುರುತಿಸುವುದರಲ್ಲಿ ಉಮ್ಮಂದಿರು ನಮಗಿಂತ ಎಷ್ಟೋ ಮುಂದಿದ್ದಾರೆ. ಅವರನ್ನು ಅತಿಥಿಗಳಾಗಿ ಕರೆದರೆ ಸಂಘದ ಗೌರವವೇ ಹೆಚ್ಚುತ್ತದೆ. ಹಾವಿನ ಭಯ ಇರುವವರಿಗೆ ಒಂದೇ ಉತ್ತರ: ಬೂಟು ಹಾಕಿಕೊಳ್ಳಿ, ಕಾಣದ ಕಡೆ ಕೈ ಇಡಬೇಡಿ, ಕಾಲುದಾರಿ ಬಿಡಬೇಡಿ.

ಕಾಮರ್ಸ್ ಮತ್ತು ಕಲಾ ವಿಭಾಗದವರಿಗೆ ಇದರಲ್ಲಿ ಏನಿದೆ? ಪಟ್ಟಿ ಮಾಡುವುದು, ಲೆಕ್ಕ ಇಡುವುದು ಕಾಮರ್ಸಿನವರ ಕೈಗೆ ಹೊಂದುವ ಕೆಲಸ. ಗಿಡಗಳ ಹೆಸರನ್ನು ಬ್ಯಾರಿ, ತುಳು, ಕೊಂಕಣಿ, ಉರ್ದು, ಕನ್ನಡದಲ್ಲಿ ಸಂಗ್ರಹಿಸುವುದಕ್ಕೆ ಭಾಷೆ ಓದುವವರೇ ಬೇಕು. ಸಸ್ಯಶಾಸ್ತ್ರ ಸಂಘ ಪಿಸಿಎಂಬಿಯವರ ಸ್ವತ್ತಲ್ಲ.

ಈ ವರ್ಷ ಏನು ಮಾಡಬಹುದು?

ಮೊದಲನೆಯದು, ಕ್ಯಾಂಪಸ್ಸಿನ ಗಿಡಗಳ ಒಂದು ದಾಖಲೆ ಪುಸ್ತಕ. ಗೇಟಿನಿಂದ ಹಾಸ್ಟೆಲ್‌ವರೆಗೆ ಜಾಗವನ್ನು ತುಂಡು ತುಂಡಾಗಿ ಹಂಚಿಕೊಂಡು, ಪ್ರತಿ ತರಗತಿಗೂ ಒಂದು ತುಂಡು ಕೊಟ್ಟು, ಅಲ್ಲಿರುವ ಪ್ರತಿ ಗಿಡವನ್ನೂ ಬರೆಯುವುದು. ಕಮ್ಯುನಿಸ್ಟ್ ಗಿಡ, ನಾಚಿಕೆ ಮುಳ್ಳು, ಅಕೇಶಿಯಾದಂತಹ ಹೊರದೇಶದವುಗಳನ್ನೂ ಬಿಡಬಾರದು. ಯಾವುದು ಬಂದದ್ದು, ಯಾವುದು ಇಲ್ಲಿಯದೇ ಎಂದು ಗೊತ್ತಾದರೆ ಮುಂದಿನ ಜೂನ್‌ನಲ್ಲಿ ಯಾವ ಸಸಿ ಕೇಳಬೇಕು ಎಂಬುದೂ ಗೊತ್ತಾಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವವೈವಿಧ್ಯ ದಾಖಲಾತಿ ಮಾಡಬೇಕು. ನಮ್ಮ ಪಟ್ಟಿಯ ಒಂದು ಪ್ರತಿಯನ್ನು ಆ ಸಮಿತಿಗೆ ಕೊಟ್ಟರೆ ವಿದ್ಯಾರ್ಥಿಗಳ ಕೆಲಸ ಊರಿನ ಕೆಲಸವಾಗುತ್ತದೆ.

ಎರಡನೆಯದು, ಒಂದು ಮರಕ್ಕೆ ಒಂದು ತರಗತಿ. ಸೀಸನ್‌ವಾಚ್ ಎಂಬ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳು ವಾರಕ್ಕೊಮ್ಮೆ ಒಂದೇ ಮರವನ್ನು ನೋಡಿ ಚಿಗುರು, ಹೂ, ಕಾಯಿಯನ್ನು ದಾಖಲಿಸುತ್ತಾರೆ. ಕೇರಳದ ಎಷ್ಟೋ ಶಾಲೆಗಳು ಅದರಲ್ಲಿವೆ. ನಮ್ಮ ಗೇಟಿನ ಬಳಿಯ ಕಕ್ಕೆ ಮರ ಯಾವ ವಾರ ಹೂ ಬಿಟ್ಟಿತು ಎಂದು ಹತ್ತು ಬ್ಯಾಚುಗಳು ಬರೆದಿಟ್ಟರೆ, ಹವಾಮಾನದ ಬಗ್ಗೆ ಮಾತಾಡಲು ನಮ್ಮದೇ ಆಧಾರ ನಮಗಿರುತ್ತದೆ.

ಮೂರನೆಯದು, ನೆಟ್ಟ ಸಸಿಗಳ ಲೆಕ್ಕ. ಜೂನ್‌ನಲ್ಲಿ ನೆಟ್ಟದ್ದರಲ್ಲಿ ಡಿಸೆಂಬರಿಗೆ ಎಷ್ಟು, ಮೇ ತಿಂಗಳಿಗೆ ಎಷ್ಟು ಉಳಿದವು ಎಂದು ನೋಟಿಸ್ ಬೋರ್ಡಿನಲ್ಲಿ ಹಾಕೋಣ. ಸಂಖ್ಯೆ ಸಣ್ಣದಾದರೂ ನಿಜವಿರಲಿ. ಬೇಸಿಗೆಯಲ್ಲಿ ನೀರಿಲ್ಲ ಎಂಬ ಮಾತಿಗೆ ಉತ್ತರ ನಮಾಝ್ ಕೋಣೆಯ ಪಕ್ಕದಲ್ಲೇ ಇದೆ. ವುಝೂ ಮಾಡಿದ ನೀರಿನಲ್ಲಿ ಸೋಪಿಲ್ಲ, ಎಣ್ಣೆಯಿಲ್ಲ. ದಿನವೂ ಅದು ಚರಂಡಿಗೆ ಹೋಗುತ್ತಿದೆ. ಒಂದು ಪೈಪು, ಒಂದು ಡ್ರಮ್ಮು ಇದ್ದರೆ ಅಷ್ಟೂ ನೀರು ಸಸಿಗಳ ಬುಡಕ್ಕೆ ಹೋಗುತ್ತದೆ. ನೀರು ಪೋಲು ಮಾಡಬಾರದು ಎಂದು ಚಿಕ್ಕಂದಿನಿಂದ ಕೇಳುತ್ತಾ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಡಳಿತ ಮಂಡಳಿಗೆ ಒಂದು ವಿನಂತಿ

ದಸರಾ ರಜೆಯ ನಂತರ ಹಾಸ್ಟೆಲ್ ಹಿಂದಿನ ನೆಲವನ್ನು ಜೆಸಿಬಿಯಲ್ಲಿ ಸಮತಟ್ಟು ಮಾಡಿ, ಇಂಟರ್‌ಲಾಕ್ ಹಾಕಿ ವಾಹನ ನಿಲ್ಲಿಸುವ ಜಾಗ ಮಾಡುವ ಯೋಜನೆ ಇದೆ ಎಂದು ತಿಳಿದಿದೆ. ಅದರ ಅಗತ್ಯ ಸುಳ್ಳಲ್ಲ. ಬಸ್ಸುಗಳೂ ಸ್ಕೂಟರುಗಳೂ ಈಗ ರಸ್ತೆಯಲ್ಲೇ ನಿಲ್ಲುತ್ತವೆ, ಬಿಡುವ ಹೊತ್ತಿಗೆ ನಡೆದು ಹೋಗುವವರಿಗೆ ಅಪಾಯ. ಆದ್ದರಿಂದ ಯೋಜನೆ ಬೇಡ ಎಂದು ನಾನು ಹೇಳುವುದಿಲ್ಲ. ಜಾಗವನ್ನು ಸ್ವಲ್ಪ ಸರಿಸಿ ಎಂದು ಕೇಳುತ್ತಿದ್ದೇನೆ.

ಆ ನೆಲದಲ್ಲಿ ಎರಡು ಭಾಗವಿದೆ. ಕಾಂಪೌಂಡಿನ ಕಡೆಯ ಭಾಗದಲ್ಲಿ ಮಣ್ಣು ತುಂಬಿ ಬಹಳ ವರ್ಷವಾಗಿದೆ. ಅಲ್ಲಿರುವುದು ಅಕೇಶಿಯಾ ಮತ್ತು ಕಮ್ಯುನಿಸ್ಟ್ ಗಿಡ ಮಾತ್ರ. ಗಾಡಿ ನಿಲ್ಲಿಸಲು ಅದು ಸಾಕಾಗುತ್ತದೆ. ಬಾವಿಯ ಕಡೆಯ ತೆರೆದ ಮುರಕಲ್ಲಿನ ಭಾಗವನ್ನು ಮಾತ್ರ ಮುಟ್ಟದೆ ಬಿಡಬೇಕು. ಕಲ್ಲನ್ನು ಒಮ್ಮೆ ಕೆರೆದು ತೆಗೆದರೆ, ಆ ತಗ್ಗುಗಳು, ಅದರಲ್ಲಿ ನಿಲ್ಲುವ ನೀರು, ಬೇಸಿಗೆಯಲ್ಲಿ ಬಿರುಕುಗಳಲ್ಲಿ ಮಲಗಿರುವ ಬೀಜ ಯಾವುದನ್ನೂ ನಾವು ತಿರುಗಿ ಮಾಡಲಾರೆವು. ಸಸಿ ನೆಟ್ಟು ಅದಕ್ಕೆ ಪರಿಹಾರ ಕೊಡಲಿಕ್ಕೂ ಆಗುವುದಿಲ್ಲ, ಯಾಕೆಂದರೆ ಅದು ಮರಗಳ ನೆಲವಲ್ಲ.

ಕಾರಣ ಹೂವು ಮಾತ್ರ ಅಲ್ಲ. ಮಂಗಳೂರಿನ ಸುತ್ತ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆದರೂ ಏಪ್ರಿಲ್-ಮೇ ತಿಂಗಳಲ್ಲಿ ಹಾಸ್ಟೆಲಿಗೆ ಟ್ಯಾಂಕರ್ ಬರುತ್ತದೆ. ಮುರಕಲ್ಲು ತೂತುಗಳ ಕಲ್ಲು. ಮಳೆಯ ನೀರು ಅದರ ಮೂಲಕ ಇಳಿದು ಕೆಳಗಿನ ಬಾವಿಗಳಿಗೆ ಸೇರುತ್ತದೆ. ಬಾವಿಯ ಮೇಲ್ಬದಿಯ ಕಲ್ಲಿಗೇ ಇಂಟರ್‌ಲಾಕ್ ಮುಚ್ಚಿದರೆ ಆ ನೀರು ರಸ್ತೆಗೆ ಹರಿದು ಹೋಗುತ್ತದೆ, ನಾವು ದುಡ್ಡು ಕೊಟ್ಟು ಟ್ಯಾಂಕರ್ ನೀರು ತರಿಸಬೇಕಾಗುತ್ತದೆ.

ಹೂವಿನ ಕಾಲ ಇನ್ನೂ ಕೆಲವು ವಾರ ಇದೆ. ನಿರ್ಧಾರ ಮಾಡುವ ಮೊದಲು ಆಡಳಿತ ಮಂಡಳಿಯ ಹಿರಿಯರು, ಪ್ರಾಂಶುಪಾಲರು ಒಂದು ಬೆಳಿಗ್ಗೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಆ ನೆಲದ ಮೇಲೆ ನಡೆಯಬೇಕು ಎಂಬುದು ನಮ್ಮ ಕೋರಿಕೆ. ಭೂತಗನ್ನಡಿ ಸಂಘದ್ದು. ತೋರಿಸಲು ಪ್ರಥಮ ಪಿಯುಸಿಯ ಮಕ್ಕಳೇ ಸಾಕು. ನೋಡಿದ ಮೇಲೂ ಜಾಗ ಬೇಕೇ ಬೇಕು ಎಂದಾದರೆ, ಕನಿಷ್ಠ ಅಲ್ಲಿ ಏನಿತ್ತು ಎಂದು ಪೂರ್ತಿಯಾಗಿ ಬರೆದುಕೊಳ್ಳಲು ಒಂದು ಮಳೆಗಾಲದ ಸಮಯ ಕೊಡಿ.

ಗೆಳೆಯ ಗೆಳತಿಯರೇ, ದಾಖಲೆ ಪುಸ್ತಕದ ಕೆಲಸಕ್ಕೆ ಸೇರುವವರು ಜೀವಶಾಸ್ತ್ರ ಲ್ಯಾಬಿನ ಬಾಗಿಲ ಬಳಿ ಅಂಟಿಸಿದ ಹಾಳೆಯಲ್ಲಿ ಹೆಸರು, ತರಗತಿ ಬರೆಯಿರಿ. ಸಸ್ಯಶಾಸ್ತ್ರ ಗೊತ್ತಿರಬೇಕೆಂದಿಲ್ಲ. ಮನೆಯಲ್ಲಿ ಅಜ್ಜಿಯೋ ಉಮ್ಮನೋ ಕರೆಯುವ ಮೂರು ಗಿಡಗಳ ಹೆಸರು ಕೇಳಿಕೊಂಡು ಬನ್ನಿ, ಮೊದಲ ದಿನಕ್ಕೆ ಅಷ್ಟು ಸಾಕು.